‘ಮೂಲದಂತೆಯೇ’ ಎಂದರೇನು? ಹಳೆಯ ಕಾರಿಗೆ ಹೊಸದಾಗಿ ಎರಕ ಹೊಯ್ದ ಎಂಜಿನ್ ಬ್ಲಾಕ್: ಒಂದು ವಿಮರ್ಶೆ

ಹಳೆಯ ಕಾರುಗಳ ರ್‍ಯಾಲಿಗೋ, ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯಕ್ಕೋ ನೀವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದರೆ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ನೋಡುಗರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಹಿತ್ತಾಳೆಯ ದೀಪಗಳ ಮೇಲೆ, ಮರದ ಕಡ್ಡಿಗಳ ಚಕ್ರಗಳ ಮೇಲೆ. ಬಾನೆಟ್ ಎತ್ತಿ ತೋರಿಸಿದರೂ ಅಲ್ಲಿರುವ ಬೂದುಬಣ್ಣದ ದೊಡ್ಡ ಎರಕದ ತುಂಡನ್ನು ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. ಅದೇ ಎಂಜಿನ್ ಬ್ಲಾಕ್. ಕಾರು ನಿಜವಾಗಿ ಓಡುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ.

ಈ ಬ್ಲಾಕ್ ಒಡೆದರೆ ಕಾರಿನ ಒಡೆಯನಿಗೆ ಇರುವ ದಾರಿಗಳು ಕೆಲವೇ. ಬಿರುಕನ್ನು ಲೋಹದ ಹೊಲಿಗೆಯಿಂದ ಮುಚ್ಚಬಹುದು. ಅದೇ ಮಾದರಿಯ ಇನ್ನೊಂದು ಹಳೆಯ ಬ್ಲಾಕನ್ನು ಹುಡುಕಬಹುದು. ಎರಡೂ ಆಗದಿದ್ದರೆ ಹೊಸದಾಗಿ ಎರಕ ಹೊಯ್ಯಿಸಬೇಕು. ಹಾಗೆ ಹೊಯ್ದ ಬ್ಲಾಕಿನ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಹೊಗಳಿಕೆ ಒಂದೇ: ‘ಮೂಲದಂತೆಯೇ ಇದೆ’. ಈ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಮೂಲದಂತೆ ಎಂದರೆ ಯಾವುದರಲ್ಲಿ? ಆಕಾರದಲ್ಲಿಯೋ, ಅಳತೆಯಲ್ಲಿಯೋ, ಲೋಹದಲ್ಲಿಯೋ, ತಯಾರಿಕೆಯ ಕ್ರಮದಲ್ಲಿಯೋ? ಈ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಒಂದೊಂದು ಹಂತದಲ್ಲೂ ಕೇಳುವುದು.

ಪ್ರಶ್ನೆ ಬರೀ ಹವ್ಯಾಸಿಗಳದ್ದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯು ವಿಂಟೇಜ್ ವಾಹನವನ್ನು ಮೊದಲ ಬಾರಿಗೆ ವ್ಯಾಖ್ಯಾನಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲಿ ಉಳಿದಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಸೇರಿದಂತೆ ಗಣನೀಯ ಕೂಲಂಕಷ ದುರಸ್ತಿಗೆ ಒಳಗಾಗಿರಬಾರದು. ಹಾಗಾದರೆ ಒಡೆದ ಬ್ಲಾಕಿನ ಜಾಗದಲ್ಲಿ ಅದೇ ಅಳತೆಯ ಹೊಸ ಬ್ಲಾಕ್ ಕೂರಿಸಿದರೆ ಅದು ಮಾರ್ಪಾಡೇ, ದುರಸ್ತಿಯೇ? ‘ಮೂಲ ರೂಪ’ ಎಂಬ ಎರಡು ಪದಗಳು ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರವನ್ನು ಎರಕದ ಮನೆಯಲ್ಲಿಯೇ ಹುಡುಕಬೇಕಾಗಿದೆ.

ನಮ್ಮ ಓದುಗರಿಗೆ ಇದು ದೂರದ ವಿಷಯವೂ ಅಲ್ಲ. ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವನ್ನು ನೋಡಿ. ತುಂಗಭದ್ರೆಯ ಈ ದಡದಲ್ಲಿ ನಾರು ಮತ್ತು ತಿರುಳಿನ ಕಾರ್ಖಾನೆಯ ಊರು. ಆ ದಡದಲ್ಲಿ ಹರಿಹರ. ಅಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್‌ಗಳನ್ನು ತಯಾರಿಸಿತು. ನಾಡಿನ ಅನೇಕ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳು ಮೊದಲು ಕೈಯಿಟ್ಟದ್ದು ಆ ಲೇತ್‌ಗಳ ಮೇಲೆ. ಲೇತ್‌ನ ಬೆಡ್ ಮತ್ತು ಎಂಜಿನ್‌ನ ಬ್ಲಾಕ್ ಎರಡೂ ಒಂದೇ ಜಾತಿಯ ಕೆಲಸ: ಬೂದು ಬೀಡುಕಬ್ಬಿಣವನ್ನು ಮರಳಿನ ಅಚ್ಚಿನಲ್ಲಿ ಹೊಯ್ದು, ಬಳಿಕ ನೂರನೇ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಕೊರೆದು ನಯಗೊಳಿಸುವುದು.

ಹಳೆಯ ತುಂಡೇ ಮಾದರಿಯಾದರೆ

ಹೊಸ ಬ್ಲಾಕ್ ಮಾಡಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು: ಒಡೆದ ಬ್ಲಾಕನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯೋಣ. ಒಲೆಯ ಸರಳಿಗೋ ಬಾವಿಯ ರಾಟೆಗೋ ಈ ಉಪಾಯ ಸಾಕು. ಬ್ಲಾಕಿಗೆ ಸಾಲದು. ಏಕೆ ಸಾಲದು ಎಂಬುದನ್ನು ಹತ್ತನೆಯ ತರಗತಿಯ ಗಣಿತದಿಂದಲೇ ತೋರಿಸಬಹುದು.

ಬೂದು ಬೀಡುಕಬ್ಬಿಣ ಸುಮಾರು 1150° ಸೆ. ಬಳಿ ಪೂರ್ತಿ ಗಟ್ಟಿಯಾಗುತ್ತದೆ. ಅಲ್ಲಿಂದ ಕೋಣೆಯ ಉಷ್ಣತೆಗೆ ಇಳಿಯುವಾಗ ಉದ್ದದಲ್ಲಿ ಶೇಕಡ 1ರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಅಷ್ಟೇ ದೊಡ್ಡದಾಗಿರಬೇಕು. ಪ್ಯಾಟರ್ನ್ ಮಾಡುವ ಬಡಗಿಯ ಬಳಿ ಇದಕ್ಕೆಂದೇ ಒಂದು ಅಳತೆಪಟ್ಟಿ ಇರುತ್ತದೆ. ಅದರಲ್ಲಿ 300 ಮಿಮೀ ಎಂದು ಬರೆದ ಗುರುತು ನಿಜವಾಗಿ 303 ಮಿಮೀ ದೂರದಲ್ಲಿದೆ. ಲೆಕ್ಕ ಹಾಕುವ ಗೋಜೇ ಇಲ್ಲ.

ಈಗ ಒಂದು ಉದಾಹರಣೆ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರ್‌ಗಳ ಬ್ಲಾಕ್. ಬೋರ್ 95 ಮಿಮೀ. ಫೋರ್ಡ್ ಮಾಡೆಲ್ ಟಿ ಎಂಜಿನ್‌ನ ಬೋರ್ ಹೆಚ್ಚುಕಡಿಮೆ ಇಷ್ಟೇ, ಅಂದರೆ 95.25 ಮಿಮೀ. ಮೊದಲ ಮತ್ತು ನಾಲ್ಕನೆಯ ಸಿಲಿಂಡರ್‌ಗಳ ಕೇಂದ್ರಗಳ ನಡುವೆ 300 ಮಿಮೀ ಇದೆ ಎಂದಿಟ್ಟುಕೊಳ್ಳಿ. ಹಳೆಯ ಬ್ಲಾಕನ್ನೇ ಪ್ಯಾಟರ್ನ್ ಮಾಡಿದರೆ ಹೊಸ ಎರಕದಲ್ಲಿ ಈ ದೂರ 297 ಮಿಮೀ ಆಗುತ್ತದೆ. ಆದರೆ ಕ್ರ್ಯಾಂಕ್‌ಶಾಫ್ಟ್ ಹಳೆಯದೇ, ಅದು ಕುಗ್ಗಿಲ್ಲ. ಆದ್ದರಿಂದ ಬೋರ್‌ಗಳನ್ನು 300 ಮಿಮೀ ದೂರದಲ್ಲೇ ಕೊರೆಯಬೇಕು. ಬ್ಲಾಕಿನ ಮಧ್ಯಬಿಂದುವಿನಿಂದ ಅಳೆದರೆ ಎರಡೂ ತುದಿಯ ಸಿಲಿಂಡರ್‌ಗಳಲ್ಲಿ ಕೊರೆಯುವ ಕೇಂದ್ರ ಎರಕದ ಕೇಂದ್ರಕ್ಕಿಂತ 1.5 ಮಿಮೀ ಆಚೆಗೆ ಬೀಳುತ್ತದೆ.

ಎರಕದ ತೂತಿನ ತ್ರಿಜ್ಯವೂ ಕುಗ್ಗಿ 47.5 ಮಿಮೀ ಬದಲು ಸುಮಾರು 47 ಮಿಮೀ ಆಗಿದೆ. ಕೊರೆಯುವ ಉಳಿ 47.5 ಮಿಮೀ ತ್ರಿಜ್ಯದಲ್ಲಿ ತಿರುಗುತ್ತದೆ, ಆದರೆ 1.5 ಮಿಮೀ ಆಚೆ ಸರಿದ ಕೇಂದ್ರದ ಸುತ್ತ. ಹೊರಬದಿಯಲ್ಲಿ ಅದು 2 ಮಿಮೀ ಲೋಹವನ್ನು ತಿನ್ನುತ್ತದೆ: 5 ಮಿಮೀ ಇದ್ದ ಗೋಡೆ 3 ಮಿಮೀ ಆಯಿತು. ಒಳಬದಿಯಲ್ಲಿ ಉಳಿ ತಲುಪುವುದು ಎರಕದ ಕೇಂದ್ರದಿಂದ 46 ಮಿಮೀವರೆಗೆ ಮಾತ್ರ. ಗೋಡೆ ಇರುವುದು 47 ಮಿಮೀ ದೂರದಲ್ಲಿ. ಅಂದರೆ ಆ ಬದಿಯಲ್ಲಿ ಉಳಿ ಗಾಳಿಯಲ್ಲಿ ತಿರುಗುತ್ತದೆ. ಬೋರ್ ದುಂಡಗೆ ಬರುವುದೇ ಇಲ್ಲ.

ನಮ್ಮ ಬೋಧನೆಯ ಮೇಲಿನ ಮೊದಲ ಆಕ್ಷೇಪ ಇಲ್ಲೇ ಇದೆ. ಪ್ಯಾಟರ್ನ್‌ನ ‘ಅಲೋಯನ್ಸ್’ಗಳನ್ನು ಹೆಸರಿಸಿ ಎಂಬ ಪ್ರಶ್ನೆಗೆ ವಿದ್ಯಾರ್ಥಿ ಕುಗ್ಗುವಿಕೆ, ಯಂತ್ರಗೆಲಸ, ಇಳಿಜಾರು, ಬಾಗು, ಅಲುಗಾಟ ಎಂದು ಐದು ಹೆಸರು ಬರೆದು ಅಂಕ ಪಡೆಯುತ್ತಾನೆ. ಮೇಲಿನ ಲೆಕ್ಕವನ್ನು ಒಮ್ಮೆ ಮಾಡಿಸಿದರೆ ಹೆಸರುಗಳ ಹಿಂದೆ ಏನಿದೆ ಎಂಬುದು ತಿಳಿಯುತ್ತದೆ. ಯಂತ್ರಗೆಲಸಕ್ಕೆಂದು ಸುತ್ತಲೂ 3 ಮಿಮೀ ಲೋಹ ಬಿಟ್ಟಿದ್ದರೆ ಬೋರ್ ಉಳಿಯುತ್ತಿತ್ತು. ಮುಗಿದ ಹಳೆಯ ತುಂಡಿನಲ್ಲಿ ಆ 3 ಮಿಮೀ ಇಲ್ಲ. ಅದು ಹಿಂದೆಯೇ ಚೂರಾಗಿ ಹೋಗಿದೆ. ಹಳೆಯ ಬ್ಲಾಕನ್ನು ನಕಲಿಸುವವನು ಕೆಲಸದ ಕೊನೆಯನ್ನು ನಕಲಿಸುತ್ತಾನೆ. ಎರಕ ಹೊಯ್ಯಲು ಬೇಕಾದದ್ದು ಕೆಲಸದ ಮೊದಲು.

ಸ್ಕ್ಯಾನರ್ ಏನನ್ನು ನೋಡುತ್ತದೆ?

‘ಇದೆಲ್ಲ ಹಳೆಯ ಕಥೆ, ಈಗ ಲೇಸರ್ ಸ್ಕ್ಯಾನರ್ ಇದೆ, ಮೂರು ಆಯಾಮದ ಮುದ್ರಣ ಇದೆ’ ಎಂದು ನೀವು ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಫ್ರಾನ್ಸಿನ ಡೆಲಾಜ್ ಕಂಪನಿ 1914ರ ಗ್ರಾಂಡ್ ಪ್ರೀ ಪಂದ್ಯಕ್ಕೆಂದು ತಯಾರಿಸಿದ ಟೈಪ್-ಎಸ್ ಕಾರುಗಳಲ್ಲಿ ಒಂದು ಆಸ್ಟ್ರೇಲಿಯದಲ್ಲಿ ಉಳಿದಿತ್ತು. ಅದರ ಬ್ಲಾಕ್ ದುರಸ್ತಿಗೆ ಸಿಗದಂತೆ ಬಿರುಕುಬಿಟ್ಟಿತ್ತು. 2010ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ನೆರವಿನಿಂದ ಮರಳಿನ ಅಚ್ಚನ್ನೇ ಮುದ್ರಿಸಿ ಹೊಸ ಬ್ಲಾಕ್ ಹೊಯ್ಯಲಾಯಿತು. ಮುದ್ರಣ ಎಂದರೆ ತೆಳುವಾದ ಮರಳಿನ ಪದರ ಹರಡಿ, ಬೇಕಾದ ಕಡೆ ಮಾತ್ರ ಅಂಟು ಸಿಂಪಡಿಸಿ, ಮತ್ತೆ ಪದರ ಹರಡುವುದು. ಪದರದ ದಪ್ಪ ಸುಮಾರು 0.3 ಮಿಮೀ. ಮರದ ಪ್ಯಾಟರ್ನ್ ಬೇಕೇ ಇಲ್ಲ. ಒಂದೇ ಒಂದು ಬ್ಲಾಕ್ ಬೇಕಾದಾಗ ಇದಕ್ಕಿಂತ ಯೋಗ್ಯವಾದ ವಿಧಾನ ಇನ್ನೊಂದಿಲ್ಲ.

ಆದರೆ ಈ ಕೆಲಸದಲ್ಲಿ ಮೆಚ್ಚಬೇಕಾದದ್ದು ಮುದ್ರಕವೊಂದನ್ನೇ ಅಲ್ಲ. ಸ್ಕ್ಯಾನರ್ ಕಾಣುವುದು ಬೆಳಕು ತಲುಪುವ ಮೇಲ್ಮೈಯನ್ನು ಮಾತ್ರ. ಅದು ಕಂಡದ್ದನ್ನು ನಿಷ್ಠೆಯಿಂದ ದಾಖಲಿಸುತ್ತದೆ. ಸವೆತವನ್ನೂ, ತುಕ್ಕು ತಿಂದ ಗುಳಿಯನ್ನೂ, ನೂರು ವರ್ಷದ ಬಿಸಿಯಲ್ಲಿ ಬಾಗಿದ್ದನ್ನೂ, ಅಂದು ಅಚ್ಚಿನಲ್ಲಿ ಕೋರ್ ಸರಿದು ಆದ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸುತ್ತದೆ. ಯಾವುದು ವಿನ್ಯಾಸ, ಯಾವುದು ಅಪಘಾತ ಎಂದು ಬೇರ್ಪಡಿಸುವುದು ಮನುಷ್ಯನ ಕೆಲಸ. ನೀರು ಹರಿಯುವ ಒಳದಾರಿಗಳಂತೂ ಸ್ಕ್ಯಾನರ್‌ಗೆ ಕಾಣುವುದಿಲ್ಲ. ಅದಕ್ಕೆ ಎಕ್ಸ್-ಕಿರಣದ ಸಿಟಿ ಚಿತ್ರ ಬೇಕು, ಇಲ್ಲವೇ ಶ್ರವಣಾತೀತ ತರಂಗದಿಂದ ಗೋಡೆಯ ದಪ್ಪ ಅಳೆಯಬೇಕು, ಇಲ್ಲವೇ ಕೆಟ್ಟ ಬ್ಲಾಕೊಂದನ್ನು ಗರಗಸದಿಂದ ಕೊಯ್ದು ನೋಡಬೇಕು.

ಆದುದರಿಂದ ‘ಸ್ಕ್ಯಾನ್ ಮಾಡಿದ್ದೇವೆ, ಆದ್ದರಿಂದ ಮೂಲದಂತೆಯೇ ಇದೆ’ ಎಂಬ ವಾದ ನಿಲ್ಲುವುದಿಲ್ಲ. ಸ್ಕ್ಯಾನ್ ಒಂದು ಸಾಕ್ಷ್ಯ ಮಾತ್ರ. ಅದನ್ನು ಓದಿ ನಕ್ಷೆಯನ್ನು ಮರಳಿ ಕಟ್ಟಬೇಕು. ಮುದ್ರಕವು ಮರದ ಪ್ಯಾಟರ್ನನ್ನು ಬಿಡಿಸಿದೆ; ಪ್ಯಾಟರ್ನ್ ಮಾಡುವವನು ಯೋಚಿಸುತ್ತಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಬಿಡಿಸಿಲ್ಲ.

ಒಳಗಿನ ಮರಳು

ಬ್ಲಾಕಿನ ನಿಜವಾದ ಕಷ್ಟ ಇರುವುದು ಅದರ ಟೊಳ್ಳುಗಳಲ್ಲಿ. ಸಿಲಿಂಡರ್‌ಗಳ ಸುತ್ತ ತಂಪುನೀರು ಹರಿಯುವ ಜಾಗವನ್ನು ಕೊರೆದು ತೆಗೆಯಲು ಆಗುವುದಿಲ್ಲ. ಆ ಜಾಗದ ಆಕಾರದ ಮರಳಿನ ಗಟ್ಟಿಯನ್ನು, ಅಂದರೆ ಕೋರನ್ನು, ಅಚ್ಚಿನೊಳಗೆ ನಿಲ್ಲಿಸಿ ಸುತ್ತಲೂ ಲೋಹ ಹೊಯ್ಯಬೇಕು. ಫೋರ್ಡ್ ಕಂಪನಿ 1932ರಲ್ಲಿ ವಿ ಆಕಾರದ ಎಂಟು ಸಿಲಿಂಡರ್‌ಗಳ ಬ್ಲಾಕನ್ನು ಒಂದೇ ಎರಕವಾಗಿ ಹೊಯ್ಯಲು ಹೊರಟಾಗ ಹತ್ತಾರು ಕೋರ್‌ಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಬೇಕಾಯಿತು; ಆರಂಭದಲ್ಲಿ ಎರಕಗಳು ರಾಶಿರಾಶಿಯಾಗಿ ಹಾಳಾದವು.

ಭೌತವಿಜ್ಞಾನದ ಶಿಕ್ಷಕರಿಗೆ ಇಲ್ಲಿ ಒಳ್ಳೆಯ ಉದಾಹರಣೆ ಇದೆ. ದ್ರವ ಕಬ್ಬಿಣದ ಸಾಂದ್ರತೆ ಲೀಟರಿಗೆ ಸುಮಾರು 7 ಕಿಗ್ರಾಂ. ಕೋರ್ ಮರಳಿನದು ಸುಮಾರು 1.6 ಕಿಗ್ರಾಂ. ನೀರುದಾರಿಯ ಕೋರ್ 2 ಲೀಟರ್ ಇದ್ದರೆ ಅದರ ತೂಕ 3.2 ಕಿಗ್ರಾಂ. ಅದು ಸ್ಥಳಾಂತರಿಸುವ ಕಬ್ಬಿಣ 14 ಕಿಗ್ರಾಂ. ಆರ್ಕಿಮಿಡಿಸ್ ತತ್ತ್ವದಂತೆ 10.8 ಕಿಗ್ರಾಂ ತೂಕದಷ್ಟು ಬಲ ಆ ಕೋರನ್ನು ಮೇಲಕ್ಕೆತ್ತುತ್ತದೆ. ನೀರಿನಲ್ಲಿ ಕಲ್ಲು ಮುಳುಗುವುದನ್ನು ಕಂಡ ವಿದ್ಯಾರ್ಥಿಗೆ ಕಬ್ಬಿಣದಲ್ಲಿ ಮರಳು ತೇಲುತ್ತದೆ ಎಂಬುದು ಆಶ್ಚರ್ಯ! ಕೋರನ್ನು ಅದರ ಕೊನೆಗಳಲ್ಲಿ ಭದ್ರವಾಗಿ ಹಿಡಿಯದಿದ್ದರೆ ಅದು ಒಂದೆರಡು ಮಿಮೀ ಮೇಲೇಳುತ್ತದೆ. ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ಬದಿ ತೆಳು. ಹೊರಗಿನಿಂದ ನೋಡಿದರೆ ಬ್ಲಾಕ್ ಸುಂದರವಾಗಿಯೇ ಇರುತ್ತದೆ. ಬ್ಲಾಕಿನ ಪಕ್ಕದಲ್ಲಿ ಬಿಲ್ಲೆ ಹೊಡೆದು ಮುಚ್ಚಿದ ದುಂಡು ತೂತುಗಳನ್ನು ನೀವು ಕಂಡಿದ್ದರೆ, ಅವು ಕೋರನ್ನು ಹಿಡಿದಿದ್ದ, ಬಳಿಕ ಅದರ ಮರಳನ್ನು ಹೊರತೆಗೆದ ಜಾಗಗಳು.

ಮರಳಿನ ಬಗ್ಗೆಯೂ ಒಂದು ತಪ್ಪುಕಲ್ಪನೆ ಇದೆ. ಮರಳೆಂದರೆ ಹೊಳೆಯ ಮರಳು ಎಂದು ಬಗೆಯುವವರಿದ್ದಾರೆ. ತುಂಗಭದ್ರೆಯ ದಡದಲ್ಲಿ ಹಾಗೆನಿಸುವುದು ಸಹಜ. ಆದರೆ ಹೊಳೆಯ ಮರಳಿನಲ್ಲಿ ಸಿಲಿಕದ ಜೊತೆಗೆ ಸಾಮಾನ್ಯವಾಗಿ ಫೆಲ್ಡ್‌ಸ್ಪಾರ್, ಅಭ್ರಕ ಮುಂತಾದವು ಬೆರೆತಿರುತ್ತವೆ. ಇವು ಕಡಿಮೆ ಉಷ್ಣತೆಯಲ್ಲೇ ಮೆತ್ತಗಾಗಿ ಎರಕಕ್ಕೆ ಅಂಟಿಕೊಳ್ಳುತ್ತವೆ. 1350° ಸೆ.ಗಿಂತ ಬಿಸಿಯಾದ ಲೋಹವನ್ನು ತಡೆಯಲು ಸಿಲಿಕದ ಪ್ರಮಾಣ ಹೆಚ್ಚಿರುವ, ಒಂದೇ ಗಾತ್ರಕ್ಕೆ ಜರಡಿ ಹಿಡಿದ ಮರಳು ಬೇಕು. ಅದನ್ನು ಹಿಡಿದಿಡಲು ಹಿಂದೆ ಅಗಸೆ ಎಣ್ಣೆ, ಕಾಕಂಬಿ ಬಳಸಿ ಒಲೆಯಲ್ಲಿ ಬೇಯಿಸುತ್ತಿದ್ದರು. ಇಂದು ರಾಳಗಳನ್ನು ಬಳಸುತ್ತಾರೆ. ಎರಡರಲ್ಲೂ ಬಿಸಿಗೆ ಅನಿಲ ಹೊರಡುತ್ತದೆ. ಅದಕ್ಕೆ ಹೊರಹೋಗುವ ದಾರಿ ಬಿಡದಿದ್ದರೆ ಗೋಡೆಯೊಳಗೆ ಗುಳ್ಳೆಗಳು ಉಳಿಯುತ್ತವೆ. ನೀರುದಾರಿಗೆ ಒತ್ತಡದ ನೀರು ತುಂಬಿ ಪರೀಕ್ಷಿಸುವ ದಿನದವರೆಗೆ ಅವು ಕಾಣುವುದಿಲ್ಲ.

ಗಟ್ಟಿ ಲೋಹ, ಒಳ್ಳೆಯ ಲೋಹ

ಮರುಎರಕದ ಬ್ಲಾಕಿನ ಬಗ್ಗೆ ಕೇಳುವ ಎರಡನೆಯ ಹೊಗಳಿಕೆ ‘ಮೂಲಕ್ಕಿಂತ ಉತ್ತಮ ಲೋಹ’. ಈ ಮಾತು ಮೊದಲನೆಯದಕ್ಕೆ ವಿರುದ್ಧ ಎಂಬುದು ಹೇಳುವವರಿಗೆ ಹೊಳೆಯುವುದಿಲ್ಲ. ಅದಿರಲಿ, ಇದು ನಿಜವೇ?

ಬೂದು ಬೀಡುಕಬ್ಬಿಣದಲ್ಲಿ ಇಂಗಾಲ ಗ್ರಾಫೈಟ್‌ನ ತೆಳು ಹಾಳೆಗಳಾಗಿ ಹರಡಿಕೊಂಡಿದೆ. ಈ ಹಾಳೆಗಳು ಲೋಹವನ್ನು ಎಳೆತದಲ್ಲಿ ದುರ್ಬಲಗೊಳಿಸುತ್ತವೆ. ಆದರೆ ಕಂಪನವನ್ನು ಹೀರುವುದು, ಬಿಸಿಯನ್ನು ಸಾಗಿಸುವುದು, ಉಳಿಗೆ ಸುಲಭವಾಗಿ ಬಿಡುವುದು, ಪಿಸ್ಟನ್ ಉಜ್ಜುವಾಗ ಎಣ್ಣೆಗೆ ಆಸರೆ ಕೊಡುವುದು ಅವೇ. ಗ್ರಾಫೈಟ್ ಗುಂಡುಗಳಾಗಿರುವ ಎಸ್.ಜಿ. ಕಬ್ಬಿಣ ಎಷ್ಟೋ ಪಾಲು ಗಟ್ಟಿ. ಆದರೆ ಅದರ ಉಷ್ಣವಾಹಕತೆ ಕಡಿಮೆ, ಕಂಪನ ಹೀರುವ ಗುಣ ಕಡಿಮೆ, ಹೊಯ್ಯುವುದೂ ಕಷ್ಟ. ಭಾರತೀಯ ಮಾನಕ ಐಎಸ್ 210ರಲ್ಲಿ ಬೂದು ಕಬ್ಬಿಣದ ದರ್ಜೆಗಳನ್ನು ಎಫ್‌ಜಿ 200, ಎಫ್‌ಜಿ 260 ಎಂದು ಕರೆಯುತ್ತಾರೆ. ಸಂಖ್ಯೆ ಎಳೆತದ ಬಲವನ್ನು ಮೆಗಾಪಾಸ್ಕಲ್‌ಗಳಲ್ಲಿ ಹೇಳುತ್ತದೆ. ದೊಡ್ಡ ಸಂಖ್ಯೆ ಆರಿಸಿದರೆ ಒಳ್ಳೆಯ ಬ್ಲಾಕ್ ಬರುತ್ತದೆ ಎಂದೇನಿಲ್ಲ. ದರ್ಜೆ ಏರಿದಂತೆ ಇಂಗಾಲ ಇಳಿಯುತ್ತದೆ, ಲೋಹ ಹರಿಯುವ ಗುಣ ಕುಂದುತ್ತದೆ, ತೆಳುಗೋಡೆ ಬಿಳಿ ಕಬ್ಬಿಣವಾಗಿ ಗಡಸಾಗುವ ಭಯ ಹೆಚ್ಚುತ್ತದೆ. ಬಿಳಿ ಕಬ್ಬಿಣವನ್ನು ಸಾಮಾನ್ಯ ಉಳಿ ಕತ್ತರಿಸಲಾರದು.

ಇದನ್ನು ಅಂದಾಜು ಮಾಡಲು ಫೌಂಡ್ರಿಯಲ್ಲಿ ಒಂದು ಸರಳ ಸೂತ್ರ ಬಳಸುತ್ತಾರೆ: ಇಂಗಾಲದ ಶೇಕಡ ಪ್ರಮಾಣಕ್ಕೆ, ಸಿಲಿಕಾನ್ ಮತ್ತು ರಂಜಕದ ಮೊತ್ತದ ಮೂರನೇ ಒಂದು ಭಾಗ ಸೇರಿಸಿ. ಇಂಗಾಲ 3.3, ಸಿಲಿಕಾನ್ 2.1, ರಂಜಕ 0.1 ಇದ್ದರೆ ಉತ್ತರ ಸುಮಾರು 4.03. ಅತಿ ಕಡಿಮೆ ಉಷ್ಣತೆಯಲ್ಲಿ ಕರಗುವ ಮಿಶ್ರಣಕ್ಕೆ ಇದು 4.3. ಎರಡರ ಅಂತರ ನೋಡಿ ಲೋಹ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಊಹಿಸಬಹುದು. ಹೊಯ್ಯುವ ಮುನ್ನ ಬೆಣೆಯಾಕಾರದ ಚಿಕ್ಕ ತುಂಡು ಹೊಯ್ದು, ಮುರಿದು, ಅದರ ಚೂಪು ತುದಿಯಲ್ಲಿ ಎಷ್ಟು ದೂರ ಬಿಳಿಯಾಗಿದೆ ಎಂದು ನೋಡುತ್ತಾರೆ. ಐದು ನಿಮಿಷದ ಕೆಲಸ. ಇಡೀ ಬ್ಲಾಕನ್ನು ಉಳಿಸುತ್ತದೆ.

ಕಾಯುವ ಹಂತ

ಇಲ್ಲಿ ಹರಿಹರದ ಲೇತ್‌ಗಳನ್ನು ನೆನೆಯಬೇಕು. ಎರಕದ ದಪ್ಪ ಭಾಗ ನಿಧಾನವಾಗಿ, ತೆಳು ಭಾಗ ಬೇಗ ತಣಿಯುತ್ತವೆ. ಆ ಜಗ್ಗಾಟ ಲೋಹದೊಳಗೆ ಬಿಗುವಾಗಿ ಉಳಿಯುತ್ತದೆ. ಮೇಲ್ಪದರವನ್ನು ಕೆತ್ತಿದ ಕೂಡಲೇ ಬಿಗುವಿನ ಸಮತೋಲ ತಪ್ಪಿ ತುಂಡು ಬಾಗುತ್ತದೆ. ಲೇತ್‌ನ ಬೆಡ್ ಬಾಗಿದರೆ ಅದರ ಮೇಲೆ ಮಾಡಿದ ಪ್ರತಿಯೊಂದು ಕೆಲಸವೂ ಬಾಗು. ಅದಕ್ಕಾಗಿ ಲೇತ್ ತಯಾರಕರು ಬೆಡ್‌ಗಳನ್ನು ಒರಟಾಗಿ ಕೆತ್ತಿ ಬಿಸಿಲು ಮಳೆಯಲ್ಲಿ ತಿಂಗಳುಗಟ್ಟಲೆ ಬಿಡುವ ಪದ್ಧತಿ ಇತ್ತು. ಇಂದು ಕುಲುಮೆಯಲ್ಲಿ 500–600° ಸೆ.ವರೆಗೆ ಕಾಯಿಸಿ, ದಪ್ಪಕ್ಕೆ ತಕ್ಕಷ್ಟು ಹೊತ್ತು ಹಿಡಿದು, ಬಹಳ ನಿಧಾನವಾಗಿ ತಣಿಸುತ್ತಾರೆ. ಮರುಎರಕದ ಬ್ಲಾಕಿನಲ್ಲಿ ಹೆಚ್ಚಾಗಿ ತಪ್ಪಿಹೋಗುವ ಹಂತ ಇದೇ. ಏಕೆಂದರೆ ಇದರಿಂದ ನೋಟಕ್ಕೆ ಯಾವ ಬದಲಾವಣೆಯೂ ಆಗುವುದಿಲ್ಲ. ಖರ್ಚು ಮತ್ತು ಕಾಲ ಮಾತ್ರ ಹೋಗುತ್ತವೆ. ಫಲ ಕಾಣುವುದು ಸಾವಿರಾರು ಕಿಮೀ ಓಡಿದ ಮೇಲೆ.

ಯಂತ್ರಗೆಲಸದಲ್ಲೂ ಕ್ರಮವೇ ಮುಖ್ಯ. ಮೊದಲು ಒಂದು ಆಧಾರತಲವನ್ನು ಸಮ ಮಾಡಿ, ಉಳಿದೆಲ್ಲ ಅಳತೆಗಳನ್ನು ಅದರಿಂದಲೇ ತೆಗೆಯಬೇಕು. ಕ್ರ್ಯಾಂಕ್‌ಶಾಫ್ಟ್‌ನ ಬೇರಿಂಗ್ ಕುಳಿಗಳನ್ನು ಒಂದೇ ದಂಡದಿಂದ ಒಂದೇ ಸರಳರೇಖೆಯಲ್ಲಿ ಕೊರೆಯಬೇಕು. ಬೋರ್‌ಗಳು ಆ ರೇಖೆಗೆ ಲಂಬವಾಗಿರಬೇಕು. ಮೇಲಿನಿಂದ ಕೆಳಗೆ ವ್ಯಾಸದ ವ್ಯತ್ಯಾಸ 0.02 ಮಿಮೀ ಮೀರಬಾರದು. ಕೊನೆಗೆ ಹೋನಿಂಗ್. ಪ್ರದರ್ಶನಗಳಲ್ಲಿ ‘ಬೋರ್ ಕನ್ನಡಿಯಂತಿದೆ’ ಎಂದು ಮೆಚ್ಚುವುದುಂಟು. ವಾಸ್ತವವಾಗಿ ಕನ್ನಡಿಯಂಥ ಬೋರ್ ಒಂದು ದೋಷ. ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಸೂಕ್ಷ್ಮ ಗೀರುಗಳಿರಬೇಕು. ಎಣ್ಣೆ ನಿಲ್ಲುವುದು ಅಲ್ಲೇ.

ನಮ್ಮಲ್ಲಿ ಏನಿದೆ, ಏನು ಕಳೆಯುತ್ತಿದೆ?

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ ಕಬ್ಬಿಣ ಕರಗಿಸಿತು. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್, ಬೆಳಗಾವಿಯ ಫೌಂಡ್ರಿಗಳು ಎಂಜಿನ್ ಬ್ಲಾಕ್, ಹೆಡ್‌ಗಳ ಎರಕದಲ್ಲಿ ಹೆಸರಾದವು. ಆದರೆ ಸಾವಿರಗಟ್ಟಲೆ ಒಂದೇ ಬ್ಲಾಕ್ ಹೊಯ್ಯುವ ಸಾಲು ಒಂದೇ ಒಂದು ಬ್ಲಾಕಿಗಾಗಿ ನಿಲ್ಲದು. ಅದಕ್ಕೆ ಚಿಕ್ಕ ಫೌಂಡ್ರಿ, ಅನುಭವಿ ಪ್ಯಾಟರ್ನ್ ಬಡಗಿ, ಹಳೆಯ ಬೋರಿಂಗ್ ಯಂತ್ರ ಬೇಕು. ಹರಿಹರದ ಲೇತ್ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ನಿಂತುಹೋಯಿತು. ಇಂಥ ಕಾರ್ಖಾನೆ ಮುಚ್ಚಿದಾಗ ಭೂಮಿಗೆ, ಯಂತ್ರಗಳಿಗೆ ಬೆಲೆ ಕಟ್ಟುತ್ತಾರೆ. ಮರದ ಪ್ಯಾಟರ್ನ್‌ಗೆ ಸೌದೆಯ ಬೆಲೆ. ಅದರಲ್ಲಿ ಅಡಗಿರುವ ಶೇಕಡ 1ರ ಹಿಗ್ಗು, 3 ಮಿಮೀ ಬಿಡುವು, ಕೋರ್ ಹಿಡಿಯುವ ಜಾಗ ಇವಕ್ಕೆ ಯಾವ ಬೆಲೆಪಟ್ಟಿಯಲ್ಲೂ ಸಾಲು ಇಲ್ಲ. ಮುಂದೊಂದು ದಿನ ಆ ಯಂತ್ರದ ತುಂಡು ಒಡೆದಾಗ ನಾವು ಒಡೆದ ತುಂಡನ್ನೇ ಹಿಡಿದುಕೊಂಡು ಸ್ಕ್ಯಾನರ್ ಹುಡುಕುತ್ತೇವೆ. ಹಳೆಯ ಕಾರಿಗೆ ಆದದ್ದೇ ಹಳೆಯ ಪಂಪಿಗೂ, ಲೇತ್‌ಗೂ, ಗಿರಣಿಗೂ ಆಗುತ್ತದೆ. ಈ ವಿಷಯದ ತೂಕ ಇರುವುದು ಇಲ್ಲಿ; ಶ್ರೀಮಂತರ ಹವ್ಯಾಸದಲ್ಲಲ್ಲ.

ತೀರ್ಪು

ಮರುಎರಕದ ಬ್ಲಾಕನ್ನು ತಿರಸ್ಕರಿಸಬೇಕೆಂದು ಇಷ್ಟೆಲ್ಲ ಹೇಳಿದ್ದಲ್ಲ. ಒಡೆದ ಬ್ಲಾಕಿನೊಂದಿಗೆ ನಿಂತುಹೋದ ಕಾರಿಗಿಂತ ಸರಿಯಾಗಿ ಹೊಯ್ದ ಹೊಸ ಬ್ಲಾಕಿನಿಂದ ಓಡುವ ಕಾರು ನಮಗೆ ಹೆಚ್ಚು ಕಲಿಸುತ್ತದೆ. ಆಕ್ಷೇಪ ಇರುವುದು ‘ಮೂಲದಂತೆಯೇ’ ಎಂಬ ಮಾತಿಗೆ. ಬ್ಲಾಕ್ ಮೂಲದಂತೆ ಇರಬೇಕಾದದ್ದು ಕ್ರ್ಯಾಂಕ್‌ಶಾಫ್ಟ್, ಪಿಸ್ಟನ್, ಹೆಡ್‌ಗಳೊಡನೆ ಕೂಡುವ ಅಳತೆಗಳಲ್ಲಿ ಮತ್ತು ಲೋಹದ ಗುಣದಲ್ಲಿ. ಮೂಲದಂತೆ ಇರಲೇಬಾರದ್ದು ಒಂದಿದೆ: ಅದರ ಹುಟ್ಟಿದ ವರ್ಷ. ಹೊಸ ಬ್ಲಾಕಿನ ಮೇಲೆ ಹಳೆಯ ಎರಕದ ದಿನಾಂಕವನ್ನೂ ಹಳೆಯ ತಯಾರಕನ ಗುರುತನ್ನೂ ಮೂಡಿಸಿ ಮೌನವಾಗಿರುವುದು ಕೌಶಲವಲ್ಲ, ಸುಳ್ಳು ದಾಖಲೆ. ಎಂಜಿನ್ ಸಂಖ್ಯೆ ಇರುವುದು ಬ್ಲಾಕಿನ ಮೇಲೆಯೇ ಆದ್ದರಿಂದ ಇದು ಕಾನೂನಿನ ಪ್ರಶ್ನೆಯೂ ಆಗುತ್ತದೆ. ಮಾಡಿದವರ ಗುರುತು, ಎರಕದ ವರ್ಷ, ಲೋಹದ ದರ್ಜೆ ಇಷ್ಟನ್ನು ಕಣ್ಣಿಗೆ ಬೀಳದ ಬದಿಯಲ್ಲಾದರೂ ಉಬ್ಬು ಅಕ್ಷರದಲ್ಲಿ ಹೊಯ್ಯಬೇಕು. ಒಡೆದ ಬ್ಲಾಕನ್ನು ಗುಜರಿಗೆ ಕೊಡದೆ ಉಳಿಸಬೇಕು; ಮುಂದಿನವರಿಗೆ ಅದೇ ಸಾಕ್ಷಿ. ಮರಳಿ ಕಟ್ಟಿದ ನಕ್ಷೆಯನ್ನೂ ಹಾಗೆಯೇ. ನಿಯಮದಲ್ಲಿನ ‘ಮೂಲ ರೂಪ’ಕ್ಕೂ ಇಂಥ ಒಂದು ವಿವರಣೆ ಬೇಕು: ದಾಖಲೆಯಿರುವ, ಗುರುತು ಮಾಡಿದ, ಅದೇ ಅಳತೆಯ ಬದಲಿ ಎರಕ ದುರಸ್ತಿ, ಗುರುತು ಮುಚ್ಚಿಟ್ಟದ್ದು ಮಾರ್ಪಾಡು.

ಶಿಕ್ಷಕರಿಗೆ ಕೊನೆಯದಾಗಿ ಒಂದು ಸಲಹೆ. ಇದನ್ನು ಕಲಿಸಲು ಫೌಂಡ್ರಿಯೇ ಬೇಕೆಂದಿಲ್ಲ. ರಟ್ಟಿನ ಮೇಲೆ 303 ಮಿಮೀ ಉದ್ದವನ್ನು 300 ಸಮಭಾಗ ಮಾಡಿ ಕುಗ್ಗು ಅಳತೆಪಟ್ಟಿ ತಯಾರಿಸಿ. ಕರಗಿದ ಮೇಣವನ್ನು ಉದ್ದನೆಯ ತಗಡಿನ ಪೆಟ್ಟಿಗೆಯಲ್ಲಿ ಹೊಯ್ದು, ತಣಿದ ಮೇಲೆ ಪೆಟ್ಟಿಗೆಯ ಉದ್ದವನ್ನೂ ಮೇಣದ ಉದ್ದವನ್ನೂ ಅಳೆಯಿರಿ. ನಡುವೆ ತಗ್ಗಾದದ್ದನ್ನೂ ನೋಡಿ. ಬಳಿಕ ಆ ಮೇಣದ ತುಂಡನ್ನೇ ಮಾದರಿಯಾಗಿಟ್ಟು ಜೇಡಿಮಣ್ಣಿನಲ್ಲಿ ಅಚ್ಚು ತೆಗೆದು ಮತ್ತೆ ಮೇಣ ಹೊಯ್ಯಿಸಿ. ಎರಡನೆಯ ತುಂಡು ಮೊದಲನೆಯದಕ್ಕಿಂತ ಎಷ್ಟು ಗಿಡ್ಡ? ನಕಲಿನ ನಕಲು ಮೂಲದಿಂದ ಎಷ್ಟು ದೂರ ಬಂತು? ಉತ್ತರವನ್ನು ವಿದ್ಯಾರ್ಥಿಗಳೇ ಅಳೆದು ಹೇಳಲಿ.